ಕರಿಯಪ್ಪ ಹಾಕಿದ ಸಾಂಬ್ರಾಣಿ

ಹೋದ ವರ್ಷ ಆಯುಧಪೂಜೆಯ ದಿನ ಹಿರಿಯೂರು ಬಸ್‌ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದೆ. ತಮ್ಮನ ಮಗಳ ಮನೆಗೆಂದು ಹೊಳಲ್ಕೆರೆಯಿಂದ ಬಂದವಳು, ಪೆನ್ಷನ್ ಕಾಗದದ ಎರಡು ಪ್ರತಿ ತೆಗೆಸಿಕೊಂಡೇ ಹೋಗೋಣ ಅಂತ. ಅಂಗಡಿಯ ಹೆಂಗಸು, "ಒಂದೈದು ನಿಮಿಷ ಕುಂತ್ಕಳ್ರಿ ಅಕ್ಕಾ, ಪೂಜೆ ಮುಗಿಸಿಬಿಡ್ತೀನಿ" ಅಂದು ಕಂಪ್ಯೂಟರಿನ ನೆತ್ತಿಗೆ ಕುಂಕುಮ ಇಟ್ಟು, ಸೇವಂತಿಗೆ ಸಿಕ್ಕಿಸಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದಳು. ಹೊಗೆ ದಪ್ಪಗೆ ಎದ್ದು ಕಂಪ್ಯೂಟರಿನ ಬೆನ್ನ ಹಿಂದೆ ನುಗ್ಗಿತು. ನನಗರಿವಿಲ್ಲದೆ ಎದ್ದುಬಿಟ್ಟಿದ್ದೆ.

"ಅಷ್ಟು ಬೇಡಮ್ಮ, ಸಾಕು."

"ಏನಾಗಕಿಲ್ಲ ಬಿಡ್ರಿ, ಪ್ರತಿ ವರ್ಷ ಹಾಕ್ತೀವಿ" ಎಂದು ಆಕೆ ನಕ್ಕಳು.

ಏನೂ ಆಗುವುದಿಲ್ಲ, ನಿಜ. ಆಗಲೂ ಏನೂ ಆಗಿರಲಿಲ್ಲ. ಅದನ್ನು ತಿಳಿದುಕೊಳ್ಳುವುದಕ್ಕೆ ನಾನು ಒಂದು ಇಡೀ ಹಿಂಗಾರು ಕಾಲವನ್ನು ಕಳೆದಿದ್ದೆ. ತಿಳಿದ ಮೇಲೂ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಚಿತ್ರದುರ್ಗದಲ್ಲಿ ಆಗಲೇ ಒಂದು ಕಂಪ್ಯೂಟರ್ ಇತ್ತು ಅಂದರೆ ಈಗ ಮೊಮ್ಮಕ್ಕಳೂ ನಂಬುವುದಿಲ್ಲ. ಹೊರದೇಶದ ನೆರವಿನಲ್ಲಿ ನಡೆಯುತ್ತಿದ್ದ ಒಂದು ಅಂತರ್ಜಲ ಯೋಜನೆಯ ಆಫೀಸು ಅದು. ಜೋಗಿಮಟ್ಟಿ ಗುಡ್ಡದ ಕಡೆಯಿಂದ ಗಾಳಿ ಬೀಸುವ ಒಂದು ಬಾಡಿಗೆ ಮನೆ. ಹಿಂದಿನ ಕೋಣೆಗೆ ಏಸಿ ಹಾಕಿಸಿ, ಎರಡು ಬೀರುವಿನಷ್ಟು ದೊಡ್ಡ ಯಂತ್ರವನ್ನು ಕೂರಿಸಿದ್ದರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲೂಕುಗಳ ಹಳ್ಳಿ ಹಳ್ಳಿಯ ಬಾವಿಗಳಲ್ಲಿ ತಿಂಗಳಿಗೊಮ್ಮೆ ಟೇಪು ಇಳಿಬಿಟ್ಟು ನೀರು ಎಷ್ಟು ಆಳಕ್ಕಿದೆ ಎಂದು ಅಳೆದು ತರುತ್ತಿದ್ದರು. ಅದನ್ನೆಲ್ಲ ಯಂತ್ರಕ್ಕೆ ಹಾಕಿ ನೋಡಿಕೊಳ್ಳುವುದು ನನ್ನ ಕೆಲಸ. ಗಣಿತದ ಎಮ್ಮೆಸ್ಸಿ ಮುಗಿಸಿ, ಆರು ತಿಂಗಳ ತರಬೇತಿ ಪಡೆದು ಬಂದ ಹುಡುಗಿ ನಾನು. ಜೊತೆಗೆ ಬಸವರಾಜ ಅಂತ ನನ್ನ ವಯಸ್ಸಿನವನೇ ಒಬ್ಬ. ನಮ್ಮ ಮೇಲೆ ವಾಸುದೇವರಾಯರು ಅಂತ ಆಫೀಸರು. ಕೆಟ್ಟವರಲ್ಲ. ಮೇಲಿನಿಂದ ಫೋನು ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುವ ಮನುಷ್ಯ, ಅಷ್ಟೇ.

ಇನ್ನು ಕರಿಯಪ್ಪ. ಹಿರಿಯೂರು ತಾಲೂಕಿನ ಹರಿಯಬ್ಬೆಯವರು, ಕುರಿ ಕಾಯುವ ಮನೆತನ. ನಲವತ್ತೈದು ದಾಟಿತ್ತು. ಆಫೀಸು ಬಾಗಿಲು ತೆಗೆಯುವುದು, ನೀರು ತುಂಬುವುದು, ಯಂತ್ರದ ಕೋಣೆಯ ನೆಲ ಒದ್ದೆ ಬಟ್ಟೆಯಲ್ಲಿ ಒರೆಸುವುದು ಎಲ್ಲ ಅವರದೇ. ಹನ್ನೆರಡು ವರ್ಷದಿಂದ ಒಂದಲ್ಲ ಒಂದು ಯೋಜನೆಯಲ್ಲಿ ದಿನಗೂಲಿಯಾಗಿಯೇ ದುಡಿದಿದ್ದರು. ಆ ವರ್ಷ ಅವರನ್ನು ಕಾಯಂ ಮಾಡುವ ಕಾಗದ ಮೇಲಕ್ಕೆ ಹೋಗಿತ್ತು. "ಸಂಕ್ರಾಂತಿಯೊಳಗೆ ಆಗ್ತೈತೆ ಅಂದವ್ರೆ ಅಮ್ಮಾರೆ" ಅಂತ ದಿನಕ್ಕೊಮ್ಮೆಯಾದರೂ ನನ್ನ ಮುಂದೆ ಹೇಳಿಕೊಳ್ಳುತ್ತಿದ್ದರು. ಹೇಳುವಾಗ ಹೆಗಲ ಮೇಲಿನ ಕಂಬಳಿಯನ್ನು ಸುಮ್ಮನೆ ಸರಿಮಾಡಿಕೊಳ್ಳುವರು. ಯಂತ್ರವನ್ನು ಅವರು ಕರೆಯುತ್ತಿದ್ದದ್ದು "ಅಮ್ಮ" ಎಂದು. "ಅಮ್ಮ ಇವತ್ತು ಒಂಥರಾ ಸದ್ದು ಮಾಡ್ತಾಳೆ" ಅಂದರೆ ಸಂಜೆಯೊಳಗೆ ಫ್ಯಾನು ಕೈಕೊಟ್ಟಿರುತ್ತಿತ್ತು.

ಆಯುಧಪೂಜೆಗೆ ಮುಂಚೆ ಮನೆಯೆಲ್ಲ ಗುಡಿಸಿ ಸಾರಿಸುವುದು ನಮ್ಮ ಕಡೆ ಇದ್ದದ್ದೇ. ರಾಯರು ಆಫೀಸಿಗೂ ಅದೇ ಹುಕುಂ ಕೊಟ್ಟರು. ಕರಿಯಪ್ಪ ಜೇಡರ ಬಲೆ ತೆಗೆದರು. ಯಂತ್ರಕ್ಕೆ ಏರಿಸಿಯಾಗಿದ್ದ ಬಾವಿಗಳ ಹಳೆಯ ನೋಟ್‌ಬುಕ್ಕುಗಳು ಮೂಲೆಯಲ್ಲಿ ಗೆದ್ದಲು ಹತ್ತುತ್ತಿದ್ದವು, "ಎಲ್ಲ ಒಳಗೆ ಐತಲ್ಲ, ಇದ್ಯಾಕ್ರಿ ಇನ್ನು" ಎಂದು ರಾಯರೇ ರದ್ದಿಗೆ ಹಾಕಿಸಿದರು. ನಾನೂ ಬಸವರಾಜನೂ ನಗುತ್ತ, "ಹಂಗಾದ್ರೆ ಯಂತ್ರದ ಒಳಗೂ ಗುಡಿಸಾಣ" ಎಂದೆವು. ವರ್ಷದಿಂದ ಬೆಳೆದ ಬೇಡದ ಫೈಲುಗಳು ನೂರಾರು ಇದ್ದವು. ಅದೇ ತಿಂಗಳು ಎರಡನೆಯ ಟೈಪಿಂಗ್ ಟರ್ಮಿನಲ್ಲು ಬಂದಿತ್ತು. ಒಂದರ ಮುಂದೆ ಅವನು, ಇನ್ನೊಂದರ ಮುಂದೆ ನಾನು ಕೂತು ಯಾರು ಜಾಸ್ತಿ ಅಳಿಸುತ್ತಾರೆ ನೋಡೋಣ ಎಂದು ಪಂದ್ಯ ಕಟ್ಟಿದೆವು. ನಾನೇ ಗೆದ್ದೆ.

ಮರುದಿನ ಪೂಜೆ. ಕರಿಯಪ್ಪ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಯಂತ್ರದ ಎರಡೂ ಬೀರುವಿಗೆ ವಿಭೂತಿ ಪಟ್ಟೆ ಬಳಿದು ಕುಂಕುಮ ಇಟ್ಟರು. ಬಾಗಿಲ ಹೊರಗೆ ಬೂದುಗುಂಬಳ ಒಡೆದರು. ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆಯನ್ನು ಮೂರು ಸುತ್ತು ತಿರುಗಿಸಿದರು. ರಾಯರು ಕೈಮುಗಿದು ಕಣ್ಣು ಮುಚ್ಚಿದ್ದವರು ಒಂದು ಕಣ್ಣು ತೆರೆದು, "ಇನ್ನೊಂಚೂರು ಹಾಕಯ್ಯ, ಘಮ ಬರ್ಲಿ" ಎಂದರು. ಕರಿಯಪ್ಪ ಇನ್ನೊಂದು ಮುಷ್ಟಿ ಹಾಕಿದರು. ನಾವೆಲ್ಲ ಪುರಿ, ಕಡ್ಲೆ, ಬಾಳೆಹಣ್ಣು ತಿಂದು ಮನೆಗೆ ಹೋದೆವು.

ಹಬ್ಬ ಕಳೆದ ಮೇಲೆ ಹಳೆಯ ವರ್ಷಗಳ ಚಿಕ್ಕ ಚಿಕ್ಕ ಫೈಲುಗಳನ್ನು ತಾಲೂಕಿಗೊಂದರಂತೆ ದೊಡ್ಡ ಫೈಲಿಗೆ ಸೇರಿಸಿ, ಚಿಕ್ಕವನ್ನು ಅಳಿಸುತ್ತ ಬಂದೆವು. ನಾಲ್ಕನೆಯ ದಿನ ಹೊಸದುರ್ಗದ ಪಟ್ಟಿಯನ್ನು ಅಚ್ಚು ಹಾಕಿಸುತ್ತಿದ್ದೆ. ಕಾಗದ ಮಡಚಿಡುತ್ತಿದ್ದ ಕರಿಯಪ್ಪ ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಓದಿ ನಕ್ಕರು.

"ಅಮ್ಮಾರೆ, ನಮ್ಮೂರ ಬಾವಿ ಹೊಸದುರ್ಗಕ್ಕೆ ಯಾವಾಗ ಹೋತು?"

ನೋಡಿದರೆ ಹೊಸದುರ್ಗದ ಬಾವಿಗಳ ನಡುವೆ ಹರಿಯಬ್ಬೆಯ ಬಾವಿಗಳು ಬಂದು ಕೂತಿದ್ದವು. ನಾನೂ ನಕ್ಕೆ. ಹಿರಿಯೂರಿನ ಪಟ್ಟಿ ತೆಗೆಸಿದೆ. ಅದರ ಮಧ್ಯೆ ಹೊಳಲ್ಕೆರೆ. ಆಮೇಲೆ ನಗು ಬರಲಿಲ್ಲ. ವಾರದೊಳಗೆ ಹುಣ್ಣು ಹರಡಿದ ಹಾಗೆ ಫೈಲುಗಳೆಲ್ಲ ಒಂದರೊಳಗೊಂದು ಕಲಸಿಹೋದವು. ಯಂತ್ರದ ಮ್ಯಾಗ್ನೆಟಿಕ್ ಟೇಪಿನ ಸುರುಳಿಯಲ್ಲಿ ನಕಲು ಇತ್ತು, ಆದರೆ ಕೆಟ್ಟದ್ದು ಕಣ್ಣಿಗೆ ಬೀಳುವ ಮೊದಲೇ ಅದರ ಮೇಲೂ ಕೆಟ್ಟದ್ದನ್ನೇ ಬರೆದುಕೊಂಡಿದ್ದೆವು. ನೋಟ್‌ಬುಕ್ಕುಗಳು ಅಷ್ಟೊತ್ತಿಗೆ ಯಾವ ಊರಿನ ಶೇಂಗಾ ಪೊಟ್ಟಣವಾಗಿದ್ದವೋ.

ಬೆಂಗಳೂರಿನಿಂದ ಯಂತ್ರ ನೋಡುವ ಎಂಜಿನಿಯರು ಬಂದ. ಬಾಗಿಲು ತೆಗೆದವನ ಕಣ್ಣಿಗೆ ಮೊದಲು ಬಿದ್ದದ್ದು ವಿಭೂತಿ ಪಟ್ಟೆ. "ಒಳಗೆ ಹೊಗೆ ಹಾಕಿದ್ರಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಬರೆದುಕೊಳ್ಳಲು ಶುರುಮಾಡಿದ. ಡಿಸ್ಕಿನ ಮೇಲೆ ಹೊಗೆಯ ಕಣ ಕೂತು ಹಾಳಾಗಿದೆ ಎಂದು ಅವನ ತೀರ್ಮಾನ. ಅಂಥದು ಆಗುವುದೂ ಉಂಟು, ಅವನು ಸುಳ್ಳು ಹೇಳಲಿಲ್ಲ.

ರಾಯರು ಕರಿಯಪ್ಪನನ್ನು ಕರೆಸಿದರು. ನಾನು, ಬಸವರಾಜ ಅಲ್ಲೇ ನಿಂತಿದ್ದೆವು.

"ಎಷ್ಟು ಹಾಕ್ದಯ್ಯ ಸಾಂಬ್ರಾಣಿ?"

"ಎರಡು ಮುಷ್ಟಿ ಸ್ವಾಮಿ."

"ಒಂದು ಹಾಕಿದ್ರೆ ಸಾಲ್ತಿರ್ಲಿಲ್ವಾ?"

ಕರಿಯಪ್ಪ ರಾಯರ ಮುಖವನ್ನೇ ನೋಡಿದರು. ನೀವೇ ಹೇಳಿದಿರಲ್ಲ ಎಂದು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ರಾಯರು ತಲೆ ತಗ್ಗಿಸಿ ರಿಪೋರ್ಟು ಬರೆದರು. ಅಂದಿನಿಂದ ಯಂತ್ರದ ಕೋಣೆಗೆ ಕರಿಯಪ್ಪ ಕಾಲಿಡಬಾರದು ಎಂದಾಯಿತು. ಈ ಮಾತು ಮೇಲಕ್ಕೆ ಹೋದರೆ ಕಾಯಂ ಆಗುವುದಿರಲಿ, ದಿನಗೂಲಿಯೂ ಉಳಿಯುವುದಿಲ್ಲ.

ನನಗೆ ಮಾತ್ರ ಒಂದು ಅನುಮಾನ ಕೊರೆಯುತ್ತಿತ್ತು. ಹೊಗೆಯಿಂದ ಡಿಸ್ಕು ಹಾಳಾಗಿದ್ದರೆ ಅದನ್ನು ಓದಲಿಕ್ಕೇ ಆಗಬಾರದು. ಇಲ್ಲಿ ಓದುವುದು ನಿಚ್ಚಳವಾಗಿ ಓದುತ್ತಿತ್ತು. ಒಂದಕ್ಷರ ಅಳಿಸಿರಲಿಲ್ಲ, ಸುಮ್ಮನೆ ಊರು ಬದಲಾಗಿತ್ತು. ರಾಯರ ಹತ್ತಿರ ಹೋಗಿ ಹೇಳಿದೆ.

"ಹಂಗಾದ್ರೆ ಏನು ಕೆಟ್ಟೈತೆ ಅಂತ ತೋರಿಸ್ರಿ ಸರೋಜಮ್ಮ. ದೀಪಾವಳಿ ತನಕ ರಿಪೋರ್ಟು ಇಟ್ಕಂಡಿರ್ತೀನಿ" ಎಂದರು.

ಹತ್ತು ದಿನ ಸಿಕ್ಕಿತು.

ಯಂತ್ರ ನಡೆಯುವುದಕ್ಕೆ ಒಂದು ಮೂಲ ಪ್ರೋಗ್ರಾಮು ಇರುತ್ತದೆ, ಅದರ ತಿರುಳನ್ನು ಕರ್ನಲ್ ಎನ್ನುತ್ತಿದ್ದೆವು. ಯಾವ ಫೈಲು ಡಿಸ್ಕಿನ ಎಲ್ಲಿ ಕೂರಬೇಕು ಎನ್ನುವುದನ್ನು ನೋಡಿಕೊಳ್ಳುವುದು ಅದೇ. ಡಿಸ್ಕೆಂದರೆ ಸಾವಿರಾರು ಖಾನೆಗಳ ಒಂದು ದೊಡ್ಡ ಬೀರು ಅಂತ ಇಟ್ಟುಕೊಳ್ಳಿ. ಖಾಲಿ ಖಾನೆಗಳ ನಂಬರುಗಳ ಪಟ್ಟಿಯೊಂದು ಕರ್ನಲ್ಲಿನ ಕೈಯಲ್ಲಿರುತ್ತದೆ. ಫೈಲು ಬರೆಯುವಾಗ ಆ ಪಟ್ಟಿಯಿಂದ ಒಂದು ನಂಬರು ತೆಗೆದುಕೊಡುತ್ತದೆ, ಅಳಿಸಿದರೆ ವಾಪಸು ಸೇರಿಸಿಕೊಳ್ಳುತ್ತದೆ. ಆ ಕರ್ನಲ್ಲನ್ನು ಬರೆದವರು ಎಲ್ಲೋ ಹೊರದೇಶದ ದೊಡ್ಡ ತಲೆಗಳು. ಪುಣ್ಯಕ್ಕೆ ಅದರ ಪೂರ್ತಿ ಬರಹ ಕಾಗದದ ಮೇಲೆ ಅಚ್ಚಾಗಿ ನಮಗೆ ಬಂದಿತ್ತು, ಮಡಿಕೆ ಮಡಿಕೆಯಾಗಿ ಒಂದು ಕಂತೆ.

ಅದನ್ನು ಹೊತ್ತುಕೊಂಡು ಭಾನುವಾರ ಹೊಳಲ್ಕೆರೆಗೆ ಹೋದರೆ ಅಜ್ಜಿ ನಡುಮನೆಯಲ್ಲಿ ಬಿಚ್ಚಿ ಹರಡಿದ ಕಾಗದ ನೋಡಿ, "ಇದೇನೇ ಇದು, ಕಾಗದದ ಸೀರೆ ತಂದಿದೀಯ. ಸೆರಗು ಯಾವ ಕಡೆ?" ಎಂದಳು. ಸೆರಗೂ ಸಿಗಲಿಲ್ಲ, ಅಂಚೂ ಸಿಗಲಿಲ್ಲ. ಹೊರಗೆ ಹಿಂಗಾರು ಮಳೆ ಹಿಡಿದು ಕೂತಿತ್ತು. ಸಾಲು ಸಾಲಿಗೆ ಬೆರಳಿಟ್ಟುಕೊಂಡು ಓದಿದೆ. ಎಲ್ಲವೂ ಸರಿಯಾಗಿಯೇ ಕಂಡಿತು. ಡಿಸ್ಕನ್ನು ಪರೀಕ್ಷಿಸುವ ಒಂದು ಪ್ರೋಗ್ರಾಮು ಇತ್ತು. ತುಂಬಿದ ಖಾನೆ ಇಷ್ಟು, ಖಾಲಿ ಖಾನೆ ಇಷ್ಟು, ಒಟ್ಟು ಇಷ್ಟು ಎಂದು ಎಣಿಸಿ ಹೇಳುವುದು. ದಿನಾ ಓಡಿಸಿದೆ. ದಿನಾ ಎಣಿಕೆ ಸರಿಯಾಗಿ ಬಂತು. ಒಂದು ಖಾನೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬಸವರಾಜ, "ಹೊಗೇನೇ ಇರಬೇಕು ಬಿಡು ಮಾರಾಯ್ತಿ" ಎಂದು ಕೈಚೆಲ್ಲಿದ. ಒಂದೊಂದು ಸಲ ನನಗೂ ಹಾಗೇ ಅನ್ನಿಸುತ್ತಿತ್ತು.

ದೀಪಾವಳಿಗೆ ಐದು ದಿನ ಇರುವಾಗ ಕರಿಯಪ್ಪ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದವರು, "ನಾಳೆ ರಜಾ ಐತಲ್ಲ ಅಮ್ಮಾರೆ, ನಮ್ಮೂರಿಗೆ ಬರ್ರಿ. ಶೇಂಗಾ ಕಿತ್ತಾವ್ರೆ, ಹಸೀವು ತಿನ್ನೀರಂತೆ. ಮಖ ನೋಡ್ರಿ ಹೆಂಗಾಗೈತೆ" ಎಂದರು. ಅವರ ಕೆಲಸ ಹೋಗುವುದರಲ್ಲಿತ್ತು, ಅವರು ನನ್ನ ಮುಖ ನೋಡುತ್ತಿದ್ದರು. ಹೋದೆ.

ಹರಿಯಬ್ಬೆಯಲ್ಲಿ ಅಂದು ಮಳೆ ಬಿಟ್ಟಿತ್ತು. ಸಂಜೆ ಕುರಿಗಳು ಬಂದವು. ಕರಿಯಪ್ಪನ ಅಣ್ಣ ಕುರಿ ಕೂಡುವ ರೊಪ್ಪದ ಬಾಯಿಗೆ ಅಡ್ಡ ನಿಂತು ಒಂದೊಂದೇ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಸುಮ್ಮನೆ ಕೇಳಿದೆ, "ಎಷ್ಟು ಅವೆ ಯಜಮಾನ್ರೆ?"

"ಯಾರು ಎಣಿಸ್ಯಾರೆ ತಾಯಿ?"

"ಮತ್ತೆ ಕಳೆದದ್ದು ಹೆಂಗೆ ಗೊತ್ತಾಗುತ್ತೆ?"

"ಎಣಿಸಿದ್ರೆ ಗೊತ್ತಾಗಕಿಲ್ಲ" ಎಂದು ಅವರು ಒಂದು ಕುರಿಯ ಕುತ್ತಿಗೆ ಹಿಡಿದು ನಿಲ್ಲಿಸಿದರು. "ನೋಡ್ರಿ ಇದನ್ನ, ಇದು ನಮ್ದಲ್ಲ. ಕೆರೆ ತಾವ ಆ ಈರಣ್ಣನ ಮಂದೆ ಕೂಡಿತ್ತು. ಅವನ ಕುರಿ ನಮ್ದರಾಗೆ ಸೇರೈತೆ. ನಮ್ಮ ಕಿವಿಹರಕಿ ಅಲ್ಲೇ ಉಳಿದೈತೆ. ಎಣಿಸಿದ್ರೆ ಲೆಕ್ಕ ಸರಿಯಾಗೇ ಬರ್ತೈತೆ. ಮಖ ನೋಡ್ಬೇಕು ತಾಯಿ. ಇದು ಯಾರದು, ಇದು ಯಾರದು ಅಂತ."

ಕೈಯಲ್ಲಿದ್ದ ಶೇಂಗಾ ಹಾಗೇ ಹಿಡಿದುಕೊಂಡು ನಿಂತೆ. ಕರಿಯಪ್ಪ, "ಯಾಕಮ್ಮಾರೆ, ಹುಳಕಾ?" ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಆಫೀಸಿಗೆ ಬಂದವಳೇ ಎಣಿಸುವುದನ್ನು ಬಿಟ್ಟು ಬೇರೆ ಪ್ರೋಗ್ರಾಮು ಬರೆದೆ. ಒಂದೊಂದು ಖಾನೆಯನ್ನೂ ಹಿಡಿದು, ನೀನು ಯಾರವನು ಎಂದು ಕೇಳುವುದು. ಮಧ್ಯಾಹ್ನದ ಹೊತ್ತಿಗೆ ಟರ್ಮಿನಲ್ಲು ಟಕಟಕ ಎಂದು ಹೊಡೆಯತೊಡಗಿತು. ಒಂದು ಖಾನೆ ಎರಡು ಫೈಲಿಗೆ ಸೇರಿತ್ತು. ಇನ್ನೊಂದು ಯಾರಿಗೂ ಸೇರಿರಲಿಲ್ಲ, ಖಾಲಿ ಪಟ್ಟಿಯಲ್ಲೂ ಇರಲಿಲ್ಲ. ಹಾಗೆ ಜೋಡಿ ಜೋಡಿಯಾಗಿ ನೂರಾರು. ಅದಕ್ಕೇ ಎಣಿಕೆ ಸರಿಯಾಗಿ ಬರುತ್ತಿದ್ದದ್ದು.

ಏನು ಹುಡುಕಬೇಕು ಅಂತ ತಿಳಿದ ಮೇಲೆ ಕಾಗದದ ಸೀರೆಯ ಸೆರಗು ಸಿಕ್ಕಿತು. ಅಳಿಸಿದ ಫೈಲಿನ ಖಾನೆಯನ್ನು ಖಾಲಿ ಪಟ್ಟಿಗೆ ಸೇರಿಸುವ ಕಡೆ. ಪಟ್ಟಿ ತುಂಬಿದರೆ ಅದನ್ನು ಡಿಸ್ಕಿಗೆ ಬರೆದು ಹೊಸ ಪಟ್ಟಿ ಶುರುಮಾಡಬೇಕು. ಡಿಸ್ಕು ನಿಧಾನ, ಅದು ಬರೆದು ಮುಗಿಸುವ ತನಕ ಕರ್ನಲ್ಲು ಆ ಕೆಲಸವನ್ನು ಅಲ್ಲೇ ಬಿಟ್ಟು ಬೇರೆಯವರ ಕೆಲಸಕ್ಕೆ ಹೋಗುತ್ತದೆ. ಅಷ್ಟರಲ್ಲಿ ಇನ್ನೊಬ್ಬರೂ ಅಳಿಸುತ್ತಿದ್ದರೆ ಅವರೂ ಅದೇ ಪಟ್ಟಿಗೆ ಕೈಹಾಕುತ್ತಾರೆ. ಮೊದಲನೆಯವರು ವಾಪಸು ಬಂದು ನೋಡದೆ ತಮ್ಮದನ್ನು ಬರೆಯುತ್ತಾರೆ. ಒಂದು ನಂಬರು ಮುಚ್ಚಿಹೋಗುತ್ತದೆ, ಇನ್ನೊಂದು ಎರಡು ಸಲ ಕೂರುತ್ತದೆ. ಬಾಗಿಲಿಗೆ ಒಂದು ಚಿಲಕ ಹಾಕುವುದನ್ನು ಆ ದೊಡ್ಡ ತಲೆಗಳು ಮರೆತಿದ್ದರು. ಎರಡು ಸಲ ಕೂತ ಖಾನೆಯನ್ನು ಎರಡು ಫೈಲಿಗೆ ಹಂಚಿ, ಅದರಲ್ಲಿ ಒಂದನ್ನು ಅಳಿಸಿದರೆ ಇನ್ನೊಂದರದೂ ಖಾಲಿ ಎಂದು ಸೇರಿಹೋಗುವುದು. ರೋಗ ಹರಡಿದ್ದು ಹಾಗೆ.

ಇಬ್ಬರು ಒಂದೇ ಹೊತ್ತಿಗೆ ಅಳಿಸುವ ಪ್ರಸಂಗ ಅದಕ್ಕೆ ಮುಂಚೆ ನಮ್ಮಲ್ಲಿ ಬಂದೇ ಇರಲಿಲ್ಲ. ಹಬ್ಬಕ್ಕೆಂದು ಗುಡಿಸಲು ಕೂತದ್ದು, ಪಂದ್ಯ ಕಟ್ಟಿದ್ದು, ಗೆದ್ದದ್ದು. ಮೊದಲ ಸಲ ಅದು ಬಂದದ್ದು ಅಂದೇ.

ಬೇರೊಂದು ಡಿಸ್ಕು ಹಾಕಿ ಬಸವರಾಜನನ್ನು ಎದುರು ಕೂರಿಸಿಕೊಂಡು ಮತ್ತೆ ಅದೇ ಪಂದ್ಯ ಆಡಿದೆ. ಹದಿನಾರು ಸಲ ಏನೂ ಆಗಲಿಲ್ಲ. ಹದಿನೇಳನೆಯ ಸಲ ಒಂದು ಖಾನೆಗೆ ಎರಡು ಒಡೆತನ ಬಂತು. ಆ ಕೋಣೆಯಲ್ಲಿ ಆ ದಿನ ಹೊಗೆಯಿರಲಿ, ಒಂದು ಊದುಬತ್ತಿಯೂ ಉರಿದಿರಲಿಲ್ಲ. ಚಿಲಕ ಹಾಕುವ ಎರಡು ಸಾಲು ಸೇರಿಸಿ ಇನ್ನೂರು ಸಲ ಆಡಿದೆವು. ಮತ್ತೆ ಬರಲಿಲ್ಲ.

ಕಾಗದಗಳನ್ನು ಹಿಡಿದುಕೊಂಡು ರಾಯರ ಮುಂದೆ ನಿಂತೆ. ದೀಪಾವಳಿಗೆ ಇನ್ನೂ ಎರಡು ದಿನ ಇತ್ತು. ಅವರು ಎಲ್ಲ ಕೇಳಿದರು. ಅರ್ಥವೂ ಆಯಿತು, ಬುದ್ಧಿವಂತರು.

"ಮೊನ್ನೆನೇ ಕಳಿಸಿಬಿಟ್ಟೆ ಸರೋಜಮ್ಮ" ಎಂದರು. "ಮೇಲಿಂದ ಎರಡು ಸಲ ಫೋನು ಬಂತು."

"ಇನ್ನೊಂದು ಬರೆದು ಕಳಿಸಾಣ ಸಾರ್. ಕರಿಯಪ್ಪಂದು ಏನೂ ತಪ್ಪಿಲ್ಲ."

ರಾಯರು ಕನ್ನಡಕ ತೆಗೆದರು. "ಏನಂತ ಬರೀಲಿ? ಪ್ರಪಂಚ ಎಲ್ಲ ಓಡಿಸೋ ಪ್ರೋಗ್ರಾಮು ತಪ್ಪು, ನಮ್ಮ ಕರಿಯಪ್ಪ ಸರಿ ಅಂತಲಾ? ಅಲ್ಲಿ ಯಾರು ಓದ್ತಾರೆ ಇದನ್ನ? ಮೊದಲು ಕೇಳಾದು, ನೋಟ್‌ಬುಕ್ಕು ಎಲ್ಲಿ ಅಂತ." ಕಿಟಕಿಯ ಕಡೆ ಮುಖ ತಿರುಗಿಸಿದರು. "ನನಗೂ ಎರಡು ಹೆಣ್ಣುಮಕ್ಕಳು ಅವೆ."

ನಾನೇ ಬರೆದೆ. ಅಳಿಸಿದವರು ನಾನು ಮತ್ತು ಬಸವರಾಜ ಎಂದು ಸ್ಪಷ್ಟವಾಗಿ ಹೆಸರು ಹಾಕಿ, ಪುರಾವೆ ಜೋಡಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ಮೇಲಿನ ಆಫೀಸಿಗೆ ಕಳಿಸಿದೆ. ಬಸವರಾಜ ಒಂದು ವಾರ ನನ್ನ ಜೊತೆ ಮಾತು ಬಿಟ್ಟ. ಕಾರ್ತೀಕ ಮುಗಿಯುವುದರೊಳಗೆ ಕರಿಯಪ್ಪನನ್ನು ಬಿಡಿಸಿದ ಆದೇಶ ಬಂತು. ನನ್ನ ಕಾಗದಕ್ಕೆ ಉತ್ತರ ಬಂದದ್ದು ಬೇಸಗೆಯಲ್ಲಿ. ನೀವು ಸೂಚಿಸಿದ ತಿದ್ದುಪಡಿಯನ್ನು ಪರಿಶೀಲಿಸಿ ಅಳವಡಿಸಿಕೊಳ್ಳಲಾಗಿದೆ, ವಂದನೆಗಳು. ಕರಿಯಪ್ಪನ ಮಾತೇ ಅದರಲ್ಲಿರಲಿಲ್ಲ.

ಆದೇಶ ಬಂದ ದಿನ ಕರಿಯಪ್ಪ ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟು ಹೊರಗೆ ಬಂದರು. ಬಸ್‌ಸ್ಟ್ಯಾಂಡಿನ ತನಕ ಜೊತೆಯಲ್ಲಿ ನಡೆದೆ. ದಾರಿಯುದ್ದಕ್ಕೂ ವಿವರಿಸಿದೆ. ಖಾನೆ, ಪಟ್ಟಿ, ಚಿಲಕ, ಅವರಣ್ಣನ ಕುರಿ, ಎಲ್ಲ. ತಪ್ಪು ನಮ್ಮದು ಕರಿಯಪ್ಪನೋರೆ, ನಿಮ್ಮದಲ್ಲ ಎಂದೆ. ಅವರು ಮಗು ರಗಳೆ ಮಾಡಿದರೆ ಕೇಳುವ ಹಾಗೆ ತಾಳ್ಮೆಯಿಂದ ಕೇಳಿದರು.

"ನೀವು ಒಳ್ಳೇರು, ಅದಕ್ಕೆ ಹಂಗಂತೀರಿ. ಒಂದು ಮುಷ್ಟಿ ಸಾಕಿತ್ತು ಅಮ್ಮಾರೆ. ಅಮ್ಮಂಗೆ ಉಸಿರು ಕಟ್ಟಿಸಿಬಿಟ್ಟೆ." ಹಿರಿಯೂರು ಬಸ್ಸು ಬಂತು. ಹತ್ತುವಾಗ ತಿರುಗಿ ಕೇಳಿದರು, "ಈಗ ಸರಿ ಹೋಗ್ಯಾಳಾ?"

"ಹೋಗಿದಾಳೆ" ಎಂದೆ.

ಇಷ್ಟೂ ಆ ಜೆರಾಕ್ಸ್ ಅಂಗಡಿಯ ಹೊಗೆಯಲ್ಲಿ ನಿಂತವಳಿಗೆ ಹಿಂದುಮುಂದಾಗಿ ನೆನಪಿಗೆ ಬಂತು. ಪ್ರತಿಗಳನ್ನು ಚೀಲಕ್ಕೆ ಹಾಕಿಕೊಂಡವಳು ತಮ್ಮನ ಮಗಳ ಮನೆಗೆ ಹೋಗಲಿಲ್ಲ. ಹರಿಯಬ್ಬೆಯ ಬಸ್ಸು ಹತ್ತಿದೆ.

ಕರಿಯಪ್ಪ ತೀರಿಕೊಂಡು ಏಳೆಂಟು ವರ್ಷವಾಗಿತ್ತು. ಮಗಳು ರಂಗಮ್ಮ ಚಾಪೆ ಹಾಸಿ, ಮೊರದ ತುಂಬ ಹಸಿ ಶೇಂಗಾ ತಂದಿಟ್ಟಳು. ಅವಳ ಮಗನ ಟ್ರ್ಯಾಕ್ಟರಿಗೆ ಪೂಜೆಯಾಗಿತ್ತು, ಹೂವಿನ ಹಾರ ಇತ್ತು. ಗಾಳಿಯಲ್ಲಿ ಊದುಬತ್ತಿಯ ವಾಸನೆ ಮಾತ್ರ.

"ಅಪ್ಪಯ್ಯ ಈ ಮನೇಲಿ ಸಾಂಬ್ರಾಣಿ ಹಾಕಾಕೆ ಬಿಡ್ತಿರ್ಲಿಲ್ಲಕ್ಕ" ಎಂದಳು ರಂಗಮ್ಮ, ನಾನು ಕೇಳದೆಯೇ. "ಹಬ್ಬದಾಗೆ ಯಾರಾನಾ ಹಾಕಿದ್ರೆ ಎದ್ದೋಗಿ ರೊಪ್ಪದ ತಾವ ಕುಂತ್ಕಂತಿತ್ತು. ಮಿಷಿನ್ ಕೆಡ್ತೈತೆ ಅನ್ನಾದು. ಮನೇಲಿ ಯಾವ ಮಿಷಿನ್ ಐತಪ್ಪ ಅಂತ ನಾವು ನಗ್ತಿದ್ವಿ. ಕಡೀಕೆ, ನಾನು ಹೋದಾಗ್ಲೂ ಹಾಕಬ್ಯಾಡ್ರಿ ಅಂದಿತ್ತು."

"ಹಾಕಿದ್ರಾ?"

"ಇಲ್ಲ."

ಅವಳಿಗೆ ಎಲ್ಲ ಹೇಳಿದೆ. ಶೇಂಗಾಕಾಯಿಗಳನ್ನು ನೆಲದ ಮೇಲೆ ಸಾಲು ಇಟ್ಟು, ಇದು ಖಾನೆ, ಇದು ಹೊಸದುರ್ಗ, ಇದು ಹಿರಿಯೂರು ಅಂತ ತೋರಿಸಿದೆ. ಎಲ್ಲಿ ಚಿಲಕ ಇರಲಿಲ್ಲ, ಯಾರು ಒಟ್ಟಿಗೆ ಕೈಹಾಕಿದರು ಎಂದು ತೋರಿಸಿದೆ. ರಂಗಮ್ಮ ಮೊಣಕಾಲು ಅಪ್ಪಿಕೊಂಡು ಕೇಳಿದಳು. ಅವಳಿಗೆ ತಟ್ಟನೆ ಅರ್ಥವಾಯಿತು.

"ಇದನ್ನ ಅಪ್ಪಯ್ಯಂಗೆ ಹೇಳ್ಬೇಕಿತ್ತು ನೀವು."

"ಹೇಳಿದ್ದೆ, ರಂಗಮ್ಮ."

ನೆಲದ ಮೇಲಿನ ಕಾಯಿಗಳನ್ನೇ ನೋಡುತ್ತ ಅವಳು ಕೇಳಿದಳು, "ಎಷ್ಟು ಸಲ?"

ಒಂದು ಸಲ, ಬಸ್‌ಸ್ಟ್ಯಾಂಡಿನ ದಾರಿಯಲ್ಲಿ.